ಪೋಲೋಗೆ ಹೊಸ ಸ್ಟೀರಿಯೋ ಹಾಕಿಸಿ ಎಫ್‌ಎಂ ಕಳೆದುಕೊಂಡವರಿಗೆ: ಪವರ್ ವೈರ್ ಇರುವ ಆಂಟೆನಾ ಅಡಾಪ್ಟರ್

ನನ್ನದು 2014ರ ಫೋಕ್ಸ್‌ವ್ಯಾಗನ್ ಪೋಲೋ ಕಾರು. ಹೋದ ದೀಪಾವಳಿಗೆ ಕಂಪನಿ ಸೆಟ್ ತೆಗೆಸಿ 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಮ್ಯಾಪ್ ಚೆನ್ನಾಗಿದೆ, ರಿವರ್ಸ್ ಕ್ಯಾಮೆರಾ ಚೆನ್ನಾಗಿದೆ, ಸೌಂಡ್ ಅಂತೂ ಮೊದಲಿಗಿಂತ ಎಷ್ಟೋ ವಾಸಿ. ಆದರೆ ರೇಡಿಯೋ ಸತ್ತೇ ಹೋಯಿತು. ಬೆಂಗಳೂರಿನ ಒಳಗೇ 102.9ರ ವಿವಿಧ ಭಾರತಿ ಕೊರಕೊರ ಅಂತಿತ್ತು. ಕೆಂಗೇರಿ ದಾಟಿ ಬಿಡದಿ ಕಡೆ ಹೊರಟರೆ ಬರೀ ಸೊರ್ ಅನ್ನೋ ಸದ್ದು. ಅದೇ ಹಳೇ ಸೆಟ್ಟಿನಲ್ಲಿ ರಾಮನಗರ ದಾಟಿದರೂ ಹಾಡು ಬರುತ್ತಿತ್ತು.

ಹಾಕಿಕೊಟ್ಟ ಅಂಗಡಿಗೆ ವಾಪಸ್ ಹೋದೆ. "ಆಂಡ್ರಾಯ್ಡ್ ಸೆಟ್ಟಲ್ಲಿ ರೇಡಿಯೋ ಇಷ್ಟೇ ಸಾರ್, ಫೋನಿಂದ ಹಾಡು ಹಾಕ್ಕೊಳ್ಳಿ" ಅಂದರು. ನನಗೆ ಹಾಡು ಮಾತ್ರ ಬೇಕಿದ್ದರೆ ಸರಿ. ತಿಂಗಳಿಗೆ ಎರಡು ಸಲ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ, ಅವರಿಗೆ ದಾರಿಯಲ್ಲಿ ಆಕಾಶವಾಣಿ ಬೇಕೇ ಬೇಕು. ಕೊನೆಗೆ ಗ್ಲಾಸಿಗೆ ಅಂಟಿಸುವ ಒಂದು ಆಂಟೆನಾ ಕೊಟ್ಟು 350 ರೂಪಾಯಿ ತೆಗೆದುಕೊಂಡರು. ಅದರಿಂದ ಏನೂ ಆಗಲಿಲ್ಲ. ನಿಜವಾಗಿ ಬೇಜಾರಾಯಿತು, ದುಡ್ಡು ಹೋಯಿತು ಅಂತಲ್ಲ, ತೊಂದರೆ ಏನು ಅಂತ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡೋಕೂ ಅವರು ತಯಾರಿರಲಿಲ್ಲ.

ಸರಿ ಮಾಡಿದ್ದು ಮೈಸೂರಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಅರವತ್ತರ ಮೇಲಿನ ವಯಸ್ಸು. ಅವರು ಸೆಟ್ಟನ್ನು ಮುಂದಕ್ಕೆ ಎಳೆದು, ಹಿಂದಿನ ಆಂಟೆನಾ ಪಿನ್ ಕಿತ್ತು, ಆ ತೂತಿಗೆ ಒಂದು ವೈರಿನ ತುದಿ ತೂರಿಸಿದರು. ಮುಕ್ಕಾಲು ಮೀಟರ್ ಉದ್ದದ ಸಾದಾ ವೈರ್, ಅಷ್ಟೇ. ತಕ್ಷಣ ಸ್ಟೇಷನ್‌ಗಳು ಒಂದೊಂದಾಗಿ ಗಂಟೆ ಹೊಡೆದ ಹಾಗೆ ಬಂದವು! "ನೋಡಿ ಸ್ವಾಮಿ, ಸೆಟ್ಟಲ್ಲಿ ಏನೂ ತಪ್ಪಿಲ್ಲ. ನಿಮ್ಮ ಆಂಟೆನಾಗೆ ಕರೆಂಟೇ ಹೋಗ್ತಿಲ್ಲ" ಅಂದರು. ಎಫ್‌ಎಂ ಅಲೆ ಸುಮಾರು 3 ಮೀಟರ್ ಉದ್ದ, ಅದರ ಕಾಲು ಭಾಗದ ವೈರ್ ಇದ್ದರೆ ಒಳ್ಳೇ ಆಂಟೆನಾ ಆಗುತ್ತದೆ, ಅದಕ್ಕೇ ಆ ಅಳತೆ.

ವಿಷಯ ಇಷ್ಟು. ಪೋಲೋದ ರೂಫ್ ಆಂಟೆನಾ ಗಿಡ್ಡ. ಅದರ ಬುಡದಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಕೂತಿದೆ, ಅದಕ್ಕೆ 12 ವೋಲ್ಟ್ ಬೇಕು. ಕಂಪನಿ ಸೆಟ್ ಆ ಕರೆಂಟನ್ನು ಆಂಟೆನಾ ಕೇಬಲ್ ಒಳಗೇ ಮೇಲಕ್ಕೆ ಕಳಿಸುತ್ತದೆ. ಹೊರಗಿನ ಸೆಟ್ಟುಗಳು ಸಾಮಾನ್ಯವಾಗಿ ಹಾಗೆ ಕಳಿಸುವುದಿಲ್ಲ. ಅಂಗಡಿಯವರು ಪವರ್ ವೈರ್ ಇಲ್ಲದ ಸಾದಾ ಅಡಾಪ್ಟರ್ ಹಾಕಿ ಸಿಕ್ಕಿಸಿದ್ದರು, ಆಂಪ್ಲಿಫೈಯರ್ ಸುಮ್ನೆ ಮಲಗಿತ್ತು. ಕರೆಂಟ್ ಇಲ್ಲದ ಆಂಪ್ಲಿಫೈಯರ್ ಸಿಗ್ನಲ್ ಹೆಚ್ಚಿಸೋದಿರಲಿ, ಬಂದದ್ದನ್ನೂ ತಡೆಯುತ್ತದೆ.

ಈಗ ಹಾಕಿರೋದು ಪವರ್ ವೈರ್ ಇರುವ ಫಕ್ರಾ ಅಡಾಪ್ಟರ್. ಒಂದು ಕಡೆ ಕಾರಿನ ಆಂಟೆನಾ ಕೇಬಲ್ ತುದಿಯ ಪ್ಲಾಸ್ಟಿಕ್ ಕಪ್ಲರ್ ಕೂರುತ್ತದೆ (ಈ ಥರದ ಕಪ್ಲರಿಗೇ ಫಕ್ರಾ ಅನ್ನೋದು), ಇನ್ನೊಂದು ಕಡೆ ಸ್ಟೀರಿಯೋಗೆ ಹೋಗುವ ದಪ್ಪ ಪಿನ್. ನಡುವಿನಿಂದ ಒಂದು ನೀಲಿ ವೈರ್ ಹೊರಗೆ ಬಂದಿರುತ್ತದೆ, ಅದನ್ನು ಸ್ಟೀರಿಯೋದ ಪವರ್ ಆಂಟೆನಾ ವೈರಿಗೆ ಸೇರಿಸಬೇಕು. ಅದೂ ಸಾಮಾನ್ಯವಾಗಿ ನೀಲಿಯೇ. ಸೇರಿಸಿ ಮೀಟರ್ ಹಿಡಿದರು, 12.3 ವೋಲ್ಟ್ ತೋರಿಸಿತು. ಅಡಾಪ್ಟರ್‌ಗೆ 450, ಕೂಲಿ 200. ಅರ್ಧ ಗಂಟೆ ಕೆಲಸ. ಬೆಸುಗೆ ಹಾಕಿ ಸ್ಲೀವ್ ಏರಿಸಿದರು, ಬರೀ ಟೇಪ್ ಸುತ್ತಿ ಬಿಡಲಿಲ್ಲ, ಇದು ನನಗೆ ತುಂಬಾ ಹಿಡಿಸಿತು.

ಇಷ್ಟಾದರೂ ಮೈಸೂರು ಆಕಾಶವಾಣಿ ಮಾತ್ರ ಹಿಡಿಯಲಿಲ್ಲ. 100.5 ಆದ ಮೇಲೆ ನೇರ 100.7ಕ್ಕೆ ಜಿಗಿಯುತ್ತಿತ್ತು, 100.6 ಪಟ್ಟಿಯಲ್ಲೇ ಇಲ್ಲ. ನೋಡಿದರೆ ರೇಡಿಯೋದ ರೀಜನ್ ಅಮೆರಿಕ ಅಂತ ಇತ್ತು. ಅಲ್ಲಿ ಸ್ಟೇಷನ್‌ಗಳು 0.2 ಅಂತರದಲ್ಲಿ, ಬೆಸ ಅಂಕಿಯಲ್ಲೇ ಇರುತ್ತವೆ. ಬೆಂಗಳೂರಿನ 101.3, 102.9, 91.1 ಎಲ್ಲಾ ಬೆಸವೇ ಆಗಿದ್ದರಿಂದ ಇಷ್ಟು ದಿನ ಗೊತ್ತೇ ಆಗಿರಲಿಲ್ಲ. ಸೆಟ್ಟಿಂಗ್‌ನಲ್ಲಿ ಯುರೋಪ್ ಅಂತ ಬದಲಿಸಿದೆವು, 100.6 ಸ್ಪಷ್ಟವಾಗಿ ಬಂತು. ಆಕಾಶವಾಣಿ ಅನ್ನೋ ಹೆಸರು ಬೆಳೆದದ್ದೇ ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಸ್ಟೇಷನ್ನಿನಿಂದ. ಅದೇ ಊರಲ್ಲಿ ನಿಂತು ಅದೇ ಸಿಗದಿದ್ದರೆ ಹೇಗೆ ಅಲ್ವಾ! ಹಿಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ "ಹಾಂ, ಬಂತು ಬಂತು, ಮುಟ್ಟಬೇಡಿ" ಅಂದರು.

ಎಎಂ (ಮೀಡಿಯಂ ವೇವ್) ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರು ಆಕಾಶವಾಣಿಯ 612 ಈಗ ಟ್ಯೂನ್ ಆಗುತ್ತದೆ, ಅಮೆರಿಕ ರೀಜನ್‌ನಲ್ಲಿ 610, 620 ಅಂತ ಹತ್ತತ್ತರ ಲೆಕ್ಕದಲ್ಲಿ ಹೋಗಿ ಅದೂ ಸಿಗುತ್ತಿರಲಿಲ್ಲ. ಆದರೆ ಗದ್ದಲ ಇದ್ದೇ ಇದೆ. ಸಿಗರೇಟ್ ಸಾಕೆಟ್‌ಗೆ ಹಾಕಿದ್ದ ಫೋನ್ ಚಾರ್ಜರ್ ಕಿತ್ತಾಗ ಅರ್ಧ ಗದ್ದಲ ನಿಂತಿತು. ಎಫ್‌ಎಂನಲ್ಲೂ ಸಣ್ಣಗೆ ಚುಯ್ ಅನ್ನುತ್ತಿದ್ದದ್ದು ಅದರಿಂದಲೇ. ಚಾರ್ಜರ್ ಬದಲಿಸಿದೆ. ನಿಮ್ಮಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಅದನ್ನೂ ಒಂದು ಸಲ ಕಿತ್ತು ನೋಡಿ.

ಉದ್ದನೆ ಕಡ್ಡಿ ಆಂಟೆನಾ ಇರುವ, ಆಂಪ್ಲಿಫೈಯರ್ ಇಲ್ಲದ ಕಾರಿಗೆ ಈ ಅಡಾಪ್ಟರ್ ತರಬೇಡಿ, ಉಪಯೋಗವಿಲ್ಲ. ಅಲ್ಲಿ ಪಿನ್ ಸಡಿಲ ಇದೆಯಾ, ಬುಡದಲ್ಲಿ ತುಕ್ಕು ಹಿಡಿದಿದೆಯಾ ಅಂತ ನೋಡಿ. ಫಕ್ರಾದಲ್ಲಿ ಸಿಂಗಲ್, ಡಬಲ್ ಎರಡೂ ಬರುತ್ತವೆ. ಅಂಗಡಿಗೆ ಹೋಗುವ ಮೊದಲು ಸೆಟ್ಟಿನ ಹಿಂದಿನ ಕಪ್ಲರಿನ ಫೋಟೋ ತೆಗೆದುಕೊಂಡು ಹೋಗಿ.