ಸೈಲೇಜ್ ಬೇಲ್: ಮೊದಲ ಲೋಡ್ ಸೊಗಸು, ಎರಡನೇದು ಸೌದೆ

ಪಾಂಡವಪುರದ ಕಡೆ ಹಳ್ಳಿ ನಮ್ಮದು. ಕೊಟ್ಟಿಗೆಯಲ್ಲಿ ಮೂರು ಸೀಮೆಹಸು, ಎರಡು ಕರೆಯುತ್ತಿವೆ, ಒಂದು ಗಬ್ಬ. ನಾಲೆಗೆ ನೀರು ಬಿಟ್ಟಾಗ ಹಸಿಮೇವಿಗೆ ಯೋಚನೆಯಿಲ್ಲ. ನಿಂತರೆ ಬತ್ತದ ಹುಲ್ಲು, ಕಬ್ಬಿನ ಸೋಗೆಯೇ ಗತಿ. ಅದಕ್ಕೇ ಈ ಬೇಸಿಗೆಯಲ್ಲಿ ಮುಸುಕಿನ ಜೋಳದ ಸೈಲೇಜ್, ಅಂದರೆ ಗಾಳಿಯಾಡದ ಹಾಗೆ ಕಟ್ಟಿ ಹುಳಿಸಿದ ಹಸಿಮೇವು, ತರಿಸಿದೆ. ಒಬ್ಬರ ಹತ್ತಿರವೇ ಎರಡು ಲೋಡ್. ಹೆಸರು ಬೇಡ ಬಿಡಿ. ಲೋಡಿಗೆ 20 ಬೇಲ್ (ಕಟ್ಟು), ಒಂದೊಂದು 60 ಕೆ.ಜಿ. ಆಸುಪಾಸು, ಸಾಗಣೆ ಸೇರಿ ಕೆ.ಜಿ.ಗೆ 8 ರೂಪಾಯಿ.

ಮೊದಲ ಲೋಡ್ ಬಗ್ಗೆ ಮಾತೇ ಇಲ್ಲ. ಹಸಿರು ಹಳದಿ ಬಣ್ಣ, ಹಣ್ಣಿನಂಥ ಹುಳಿ ವಾಸನೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಲಿಲ್ಲ, ಕೈ ಬಿಟ್ಟರೆ ಉಂಡೆ ಮೆಲ್ಲಗೆ ಬಿಚ್ಚಿಕೊಂಡಿತು. ಕಾಳೆಲ್ಲ ಒಡೆದಿತ್ತು. ಕರೆಯೋ ಹಸು ಗೌರಿ ಗೊಂತು ನೆಕ್ಕಿ ಖಾಲಿ ಮಾಡುತ್ತಿದ್ದಳು. ಹೊತ್ತಿಗೆ 7 ಲೀಟರ್ ಹಾಲು.

ಎರಡನೇ ಲೋಡ್ ಬಿಚ್ಚಿದ ದಿನ ಅತ್ತೆ ಒಂದು ಹಿಡಿ ತೆಗೆದು ನೋಡಿದರು. "ದುಡ್ಡು ಕೊಟ್ಟು ಸೌದೆ ತಂದಿದ್ದೀಯಲ್ಲವ್ವ" ಅಂದರು. ವಾಸನೆ ಚೆನ್ನಾಗೇ ಇತ್ತು, ಬೂಷ್ಟೂ ಇರಲಿಲ್ಲ. ಅದಕ್ಕೇ ನಾನು ಮೋಸಹೋದೆ. ಕಡ್ಡಿ ಮಾತ್ರ ಬೆರಳುದ್ದ, ಒಣಕಲು. ಗೌರಿ ಎಲೆ ಆರಿಸಿ ತಿಂದು ಗೆಣ್ಣನ್ನೆಲ್ಲ ಹಾಗೇ ಬಿಟ್ಟಳು. ವಾರದಲ್ಲಿ ಹಾಲು ಹೊತ್ತಿಗೆ 1 ಲೀಟರ್ ಇಳಿಯಿತು. ಡೇರಿಯಲ್ಲಿ ಫ್ಯಾಟ್ ಕಡಿಮೆ ಬರಲಿಲ್ಲ, ಅದೊಂದು ಸಮಾಧಾನ.

ಅನುಮಾನ ಬಂದು ಒಂದು ಬೊಗಸೆ ಸಗಣಿಯನ್ನು ಹಳೇ ಜರಡಿಗೆ ಹಾಕಿ ನಲ್ಲಿ ಕೆಳಗೆ ತೊಳೆದೆ. ಅತ್ತೆ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಹಸಿರು ನೀರೆಲ್ಲ ಹರಿದ ಮೇಲೆ ಜರಡಿಯಲ್ಲಿ ಉಳಿದದ್ದು ಉದ್ದುದ್ದ ನಾರು, ಮತ್ತೆ ಇಡೀ ಇಡೀ ಜೋಳದ ಕಾಳು. ಎಣಿಸಿದೆ, 14. ಬಾಯಿಂದ ಹೋದ ಹಾಗೇ ಹಿಂದಿನಿಂದ ಬಂದಿವೆ!

ಇದು ತೀರಾ ಬಲಿತ ಮೇಲೆ ಕೊಯ್ದ ಬೆಳೆಯ ಗುರುತು. ಬೆಳೆ ಬಲಿತಷ್ಟೂ ದಂಟಿನಲ್ಲಿ ಲಿಗ್ನಿನ್ ಜಾಸ್ತಿಯಾಗುತ್ತೆ. ಅದು ನಾರಿಗೆ ಗಾರೆ ಮೆತ್ತಿದ ಹಾಗೆ. ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಒಳಗೆ ನುಗ್ಗೋಕೆ ಆಗಲ್ಲ. ಅರಗದ ನಾರು ಅಲ್ಲೇ ಕೂತಿರುತ್ತೆ, ಹಸುವಿಗೆ ಹೊಟ್ಟೆ ತುಂಬಿದ ಹಾಗಾಗಿ ಮೇವು ಬಿಡುತ್ತೆ. ಮೈಗೆ ಮಾತ್ರ ಏನೂ ಹತ್ತಿರಲ್ಲ.

ಮಾರಿದವರಿಗೆ ಫೋನ್ ಮಾಡಿದರೆ, "ಅಕ್ಕ, ತೆನೆ ಬಲಿತರೆ ಶಕ್ತಿ ಜಾಸ್ತಿ ಅಲ್ವಾ?" ಅಂದರು. ಸುಳ್ಳೇನಲ್ಲ, ಕಾಳಲ್ಲಿ ಪಿಷ್ಟ ಕೂಡುತ್ತೆ. ಆದರೆ ಗಟ್ಟಿ ಕಾಳು ಒಡೆದಿರಬೇಕು ತಾನೆ? ಕಾಳಿನ ಹಾಲುಗೆರೆ (ಮೇಲಿನ ಗಟ್ಟಿ ಭಾಗಕ್ಕೂ ಕೆಳಗಿನ ಹಾಲಿನ ಭಾಗಕ್ಕೂ ನಡುವಿನ ಗೆರೆ) ಅರ್ಧಕ್ಕೆ ಇಳಿದಾಗ, ಗಿಡದಲ್ಲಿ ನೂರಕ್ಕೆ 65ರಿಂದ 70 ನೀರಿನಂಶ ಇರುವಾಗ ಕೊಯ್ದರೆ ಕಾಳಿನ ಶಕ್ತಿ, ಅರಗೋ ನಾರು ಎರಡೂ ಸಿಗುತ್ತೆ. ಅವರು ವಾಟ್ಸಾಪಿನಲ್ಲಿ ಲ್ಯಾಬ್ ವರದಿಯನ್ನೂ ಕಳಿಸಿದರು. ಅದರಲ್ಲಿ ಎನ್‌ಡಿಎಫ್ (ಒಟ್ಟು ನಾರಿನ ಅಳತೆ) ಮಾತ್ರ ಇತ್ತು. ಎಷ್ಟು ನಾರಿದೆ ಅಂತ ಗೊತ್ತಾಯಿತು, ಅದರಲ್ಲಿ ಎಷ್ಟು ಅರಗುತ್ತೆ ಅನ್ನೋದು ಇಲ್ಲ. ನನಗೆ ಬೇಕಿದ್ದದ್ದು ಅದೇ.

ಹಾಗಂತ ಪುಡಿ ಪುಡಿ ಮಾಡಿದ್ದೂ ಬೇಡ. ಪಕ್ಕದ ಮನೆಯವರು ಬೇರೆ ಕಡೆಯಿಂದ ಬೂಸಾ ಥರ ನುಣ್ಣಗಿರೋದು ತಂದಿದ್ದರು. ಹಸು ಮೆಲುಕು ಹಾಕೋದೇ ಕಡಿಮೆಯಾಯಿತು. ಮೆಲುಕು ಇಲ್ಲದಿದ್ದರೆ ಜೊಲ್ಲು ಇಲ್ಲ, ಹೊಟ್ಟೆ ಹುಳಿಯಾಗುತ್ತೆ. ಅವರಿಗೆ ಹಾಲು ಇಳಿಯಲಿಲ್ಲ, ಫ್ಯಾಟ್ ಇಳಿಯಿತು. 1ರಿಂದ 2 ಸೆಂಟಿಮೀಟರ್ ತುಂಡು ಸರಿ.

ಬೇಲ್ ಕಟ್ಟಿದ್ದು, ಸಾಗಣೆ, ಮಾತು ಎಲ್ಲ ಚೆನ್ನಾಗಿತ್ತು. ಐದಕ್ಕೆ ಮೂರು ಕೊಡ್ತೀನಿ. ಇನ್ನೊಮ್ಮೆ ತಗೊಂಡರೆ ಗಾಡಿಯಲ್ಲೇ ಒಂದು ಬೇಲ್ ಬಿಚ್ಚಿಸಿ, ಕಾಳನ್ನು ಉಗುರಲ್ಲಿ ಒತ್ತಿ ನೋಡೇ ದುಡ್ಡು ಕೊಡೋದು. ಉಳಿದ 9 ಬೇಲ್ ಈಗ ಗಬ್ಬದ ಹಸುವಿನ ಪಾಲಿಗೆ. ಗೌರಿಗೆ ಪಕ್ಕದ ಹೊಲದಿಂದ ಹಸಿಜೋಳ ಕೊಂಡು ತರುತ್ತಿದ್ದೇನೆ.