ಪ್ಯಾಕೆಟ್ ಮೇಲಿನ ನೀಲಿ ಐರಿಸ್ ಬೆಂಗಳೂರಲ್ಲಿ ಅರಳೀತೇ?

ಆನ್‌ಲೈನಿನಲ್ಲಿ ‘ಐರಿಸ್’ ಹೂಗಿಡ ಎಂದು ಹುಡುಕಿದರೆ ಮೂರು ಬಗೆಯ ಸರಕು ಎದುರಾಗುತ್ತದೆ: ಶುಂಠಿಯಂಥ ಗೆಡ್ಡೆ, ಸಾಂಬಾರ್ ಈರುಳ್ಳಿಯಂಥ ಗೆಡ್ಡೆ, ಮತ್ತು ಕಾಮನಬಿಲ್ಲಿನ ಬಣ್ಣಗಳನ್ನೆಲ್ಲ ಅಚ್ಚು ಹಾಕಿದ ಬೀಜದ ಪೊಟ್ಟಣ. ಬೀಜದ ಪೊಟ್ಟಣವನ್ನು ಮೊದಲೇ ಬದಿಗಿಡಿ. ಬೀಜದಿಂದ ಹೂ ಕಾಣಲು ಎರಡು ಮೂರು ವರ್ಷ ಬೇಕು, ಮಿಶ್ರತಳಿಯ ಬೀಜವಾದರೆ ತಾಯಿಯ ಬಣ್ಣವೇ ಬರುವ ಖಾತ್ರಿಯೂ ಇಲ್ಲ. ಚಿತ್ರದಲ್ಲಿ ಕುಂಕುಮಗೆಂಪಿನ ‘ಬಿಯರ್ಡೆಡ್’ ಐರಿಸ್ ಇದ್ದರಂತೂ ನಕ್ಕು ಮುಂದೆ ಹೋಗಿ. ಆ ಬಣ್ಣ ತಳಿಗಾರರಿಗೇ ಇನ್ನೂ ದಕ್ಕಿಲ್ಲ.

ಶುಂಠಿಯಂಥ ಗೆಡ್ಡೆಯೇ ಬಿಯರ್ಡೆಡ್ ಐರಿಸ್. ಇಳಿಬಿದ್ದ ಮೂರು ಎಸಳುಗಳ ಮೇಲೆ ಗಡ್ಡದಂಥ ಕೂದಲಿನ ಪಟ್ಟಿ ಇರುವುದರಿಂದ ಆ ಹೆಸರು. ಕಾಶ್ಮೀರದಲ್ಲಿ, ಹಿಮಾಚಲದಲ್ಲಿ ಇದು ಆರೈಕೆಯಿಲ್ಲದೆ ಬೆಳೆಯುತ್ತದೆ. ಕಾಶ್ಮೀರದಲ್ಲಿ ಸಮಾಧಿಗಳ ಮೇಲೆ ನೆಡುವ ಹೂವೂ ಇದೇ ಬಳಗದ್ದು. ಆದರೆ ಹೂಮೊಗ್ಗು ಕಟ್ಟಲು ಇದಕ್ಕೆ ವಾರಗಟ್ಟಲೆ ಗಟ್ಟಿ ಚಳಿ ಬೇಕು. ಜನವರಿಯಲ್ಲೂ ರಾತ್ರಿಯ ತಾಪಮಾನ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವ ಬೆಂಗಳೂರಿನಲ್ಲಿ ಎಲೆ ಸೊಗಸಾಗಿ ಬರುತ್ತದೆ, ಹೂ ಬರುವ ಭರವಸೆ ಇಲ್ಲ. ಮಂಗಳೂರು, ಕಾರವಾರದ ಕಡೆಯವರು ಆಸೆಯನ್ನೇ ಬಿಡಬೇಕು. ‘ಎಲ್ಲ ಹವಾಮಾನಕ್ಕೂ ಸೂಕ್ತ’ ಎಂದು ಅಚ್ಚಾದ ಪ್ಯಾಕೆಟ್ ಅಷ್ಟರಮಟ್ಟಿಗೆ ಸುಳ್ಳು ಹೇಳುತ್ತಿದೆ.

ಆದರೂ ತರಿಸುತ್ತೇನೆ ಎನ್ನುವವರು ಬಂದ ಕೂಡಲೇ ಗೆಡ್ಡೆಯನ್ನು ಒತ್ತಿ ನೋಡಿ. ಗಟ್ಟಿಯಾಗಿರಬೇಕು. ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಕೊಳೆ ರೋಗ. ಫೋಟೊ ತೆಗೆದು ವಾಪಸ್ ಕಳಿಸಿ. ಇದನ್ನು ಅರಿಶಿನದ ಹಾಗೆ ಹೂಳುವಂತಿಲ್ಲ. ಮಣ್ಣನ್ನು ಸಣ್ಣ ದಿಬ್ಬ ಮಾಡಿ, ಗೆಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟು, ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುವಷ್ಟೇ ಮಣ್ಣು ಮುಚ್ಚಬೇಕು. ಪೂರ್ತಿ ಹೂತರೆ ಮುಂಗಾರಿನಲ್ಲಿ ಕೊಳೆಯುತ್ತದೆ. ಸಾರಜನಕ ಹೆಚ್ಚಿರುವ ಗೊಬ್ಬರ ಸುರಿದರೂ ಅದೇ ಗತಿ, ಏಕೆಂದರೆ ಸೊಕ್ಕಿ ಬೆಳೆದ ಮೆದು ಗೆಡ್ಡೆಗೆ ರೋಗ ಬೇಗ ತಗಲುತ್ತದೆ.

ಈರುಳ್ಳಿಯಂಥದ್ದು ಡಚ್ ಐರಿಸ್. ಇದನ್ನು ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ, ಕಾಗದದ ಚೀಲದಲ್ಲಿ ಆರರಿಂದ ಎಂಟು ವಾರ ಇಟ್ಟು, ಚಳಿ ಶುರುವಾದಾಗ 10 ಸೆಂ.ಮೀ. ಆಳಕ್ಕೆ ನೆಟ್ಟರೆ ಒಮ್ಮೆ ಹೂ ನೋಡಬಹುದು. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಹೂವಿಗೆ ತೊಂದರೆ ಮಾಡಬಹುದು. ಮರುವರ್ಷ ಅದೇ ಗೆಡ್ಡೆಯಿಂದ ಹೂ ನಿರೀಕ್ಷಿಸಬೇಡಿ.

ನಮ್ಮ ಮನೆಯಂಗಳಗಳಿಗೆ ಒಪ್ಪುವುದು ನರ್ಸರಿಯಲ್ಲಿ ‘ವಾಕಿಂಗ್ ಐರಿಸ್’ ಎಂದು ಕೊಡುವ ಗಿಡ. ಸಸ್ಯಶಾಸ್ತ್ರದಲ್ಲಿ ನಿಯೊಮಾರಿಕಾ, ಅಂದರೆ ಐರಿಸ್‌ನ ದಾಯಾದಿ; ಕೇಸರಿ, ಗ್ಲಾಡಿಯೋಲಸ್ ಕೂಡ ಇದೇ ಕುಟುಂಬದವು. ಬಿಳಿ ಎಸಳು, ನಡುವೆ ನೀಲಿ, ಬುಡದಲ್ಲಿ ಕಂದು ಪಟ್ಟೆ. ಹೂ ಬಾಳುವುದು ಒಂದೇ ದಿನ. ಹಾರ, ಹೂದಾನಿಗೆ ಇದು ಆಗುವುದಿಲ್ಲ, ಅದೊಂದೇ ಕೊರತೆ. ಕೊಳ್ಳುವಾಗ ಹಳೆಯ, ಒಣಗಿದ ಹೂದಂಟು ಇರುವ ಕುಂಡವನ್ನೇ ಆರಿಸಿ; ಗಿಡ ಹೂವಿನ ವಯಸ್ಸಿಗೆ ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಾಕು. ಸುಡುಬಿಸಿಲಲ್ಲಿ ಎಲೆಯ ತುದಿ ಸುಟ್ಟು ಕಂದಾಗುತ್ತದೆ. 10 ಇಂಚಿನ ಕುಂಡಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಮೇಲೊಂದು ಹಿಡಿ ಬೇವಿನ ಹಿಂಡಿ.

ನಾಟಿಯ ಸುಖವಿರುವುದೂ ಇದರಲ್ಲೇ. ಹೂ ಉದುರಿದ ಮೇಲೆ ದಂಟಿನ ತುದಿಯಲ್ಲಿ ಮರಿ ಹುಟ್ಟುತ್ತದೆ. ಅದರ ಭಾರಕ್ಕೆ ದಂಟು ಬಾಗಿ, ಮರಿ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ‘ನಡೆಯುವುದು’ ಎಂದರೆ ಇಷ್ಟೇ. ಮರಿಯ ಎಲೆ ಗೇಣುದ್ದವಾಗಿ ಬುಡದಲ್ಲಿ ಬೇರಿನ ಗುಬುಟು ಕಂಡಾಗ, ಪಕ್ಕಕ್ಕೆ ಇನ್ನೊಂದು ಕುಂಡವಿಟ್ಟು, ಬಗ್ಗಿಸಿದ ತಂತಿಯಿಂದ ಅದನ್ನು ಮಣ್ಣಿಗೆ ಒತ್ತಿ ನಿಲ್ಲಿಸಿ. ಒಂದೂವರೆ ತಿಂಗಳ ನಂತರ ಮೆಲ್ಲಗೆ ಎಳೆದು ನೋಡಿ. ಕದಲದಿದ್ದರೆ ದಂಟು ಕತ್ತರಿಸಿ. ಅವಸರಪಟ್ಟು ಮೊದಲೇ ಕತ್ತರಿಸಿದ ಮರಿ ಬಾಡುವುದೇ ಹೆಚ್ಚು.

ಕುಂಡ ತುಂಬಿ ಹೂ ಕಡಿಮೆಯಾದರೆ ಮುಂಗಾರಿನ ಶುರುವಿಗೆ ಇಡೀ ಬುಡವನ್ನು ಕಿತ್ತು, ಒಂದೊಂದು ತುಂಡಿಗೆ ಎರಡು ಮೂರು ಎಲೆಗುಂಪು ಉಳಿಯುವಂತೆ ಹರಿತ ಚಾಕುವಿನಿಂದ ಬಿಡಿಸಿ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಬೇರು ಕಡಿಮೆಯಾದ ಗಿಡ ಅಷ್ಟೂ ಎಲೆಗೆ ನೀರೊದಗಿಸಲಾರದು. ಹಿಂದೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಬಿಡಿಸಿದ ವರ್ಷ ಹೂ ಬಾರದಿದ್ದರೆ ಗೊಬ್ಬರ ಸುರಿಯಲು ಹೋಗಬೇಡಿ.

ದಿನವಿಡೀ ಬಿಸಿಲು ಬೀಳುವ ಜಾಗವಾದರೆ ಐರಿಸ್‌ನ ಇನ್ನೊಂದು ದಾಯಾದಿ, ಆಫ್ರಿಕಾ ಮೂಲದ ಡೈಟಿಸ್ ಗಿಡ ಕೇಳಿ. ದೊಡ್ಡ ಬಿಳಿ ಹೂವಿನ ಬಗೆಯಲ್ಲಿ ಹೂ ಮುಗಿದ ದಂಟನ್ನು ಕತ್ತರಿಸಬಾರದು, ಅದೇ ದಂಟು ಮತ್ತೆ ಮತ್ತೆ ಹೂ ಬಿಡುತ್ತದೆ. ಕಿತ್ತು ನೆಟ್ಟರೆ ಮಾತ್ರ ತಿಂಗಳುಗಟ್ಟಲೆ ಮುನಿಸಿಕೊಂಡು ನಿಲ್ಲುವ ಗಿಡವಿದು, ಆದ್ದರಿಂದ ಜಾಗ ಯೋಚಿಸಿ ನೆಡಿ.

ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಬಿಯರ್ಡೆಡ್, ಡಚ್ ಗೆಡ್ಡೆಗಳನ್ನು ಅವುಗಳ ಬಾಯಿಗೆ ಸಿಗದಂತೆ ಇಡಿ. ಜಗಿದರೆ ವಾಂತಿ ಭೇದಿ ಶುರುವಾಗುತ್ತದೆ. ಕತ್ತರಿಸಿದಾಗ ಬರುವ ರಸ ಕೆಲವರ ಕೈಗೂ ತುರಿಕೆ ತರುವುದರಿಂದ ಗ್ಲೌಸ್ ಹಾಕಿಕೊಂಡೇ ಗೆಡ್ಡೆ ಮುಟ್ಟಿ.