‘ಕುಡಿತ ಬಿಟ್ಟ ಪ್ರಮಾಣಪತ್ರ’ ಮಾಡಿಸಿಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ

ಶಿವಮೊಗ್ಗದಲ್ಲಿ ಕೌಟುಂಬಿಕ ಸಲಹೆ ಎಂದು ಫಲಕ ಹಾಕಿಕೊಂಡು ಕುಳಿತಿರುವ ಮಧ್ಯವರ್ತಿಯೊಬ್ಬರು, ಕುಡಿತದ ಕಾರಣಕ್ಕೆ ಮಕ್ಕಳಿಂದ ದೂರವಾದ ತಂದೆಯರಿಗೆ ಮಗುವಿನ ಭೇಟಿ ಕೊಡಿಸುವುದಾಗಿ ಹೇಳಿ ಹಣ ಪಡೆಯುತ್ತಿದ್ದಾರೆ. ನನ್ನ ತಮ್ಮನಿಗೆ ಅವರು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಇನ್ನೊಂದು ಮನೆ ಸಿಕ್ಕಿಬೀಳುತ್ತದೆ.

ತಮ್ಮ ಕುಡಿಯುತ್ತಿದ್ದುದು ನಿಜ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ಹೊಸನಗರದ ಕಡೆಯ ತವರಿಗೆ ಹೋದದ್ದರಲ್ಲಿ ನನಗೆ ಇಂದಿಗೂ ತಪ್ಪು ಕಾಣುವುದಿಲ್ಲ. ಆಮೇಲೆ ಅವನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೊರರೋಗಿಯಾಗಿ ಹೋಗಿ, ಮಾತ್ರೆ ತಪ್ಪಿಸದೆ ಕುಡಿತ ಬಿಟ್ಟ. ವೈದ್ಯರು ಪ್ರತಿ ಸಲ ದಿನಾಂಕ ಹಾಕಿ ಬರೆದ ಚೀಟಿಗಳು, ಯಕೃತ್ತಿನ ರಕ್ತಪರೀಕ್ಷೆಯ ಅಂಕಿಗಳು ಇಳಿಯುತ್ತಾ ಬಂದ ವರದಿಗಳು, ಎಲ್ಲವೂ ಅವನ ಬಳಿ ಇದ್ದವು. ಮಗಳನ್ನು ನೋಡಲು ಅನುಮತಿ ಕೋರಿ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿಯೂ ಇತ್ತು.

ಈ ನಡುವೆ ಪರಿಚಯದವರೊಬ್ಬರ ಮೂಲಕ ಬಂದವರು ಈ ಮಧ್ಯವರ್ತಿ. ಚೀಟಿಗಳನ್ನು ತಿರುವಿಹಾಕಿ, “ಅಕ್ಕಾ, ಹೊರರೋಗಿ ಚೀಟಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಇದನ್ನೇ ನಂಬಿ ಕುಳಿತರೆ ನಿಮ್ಮ ತಮ್ಮನಿಗೆ ಮಗಳು ಸಿಗುವಷ್ಟರಲ್ಲಿ ಅವಳ ಎಸ್‌ಎಸ್‌ಎಲ್‌ಸಿ ಮುಗಿದಿರುತ್ತದೆ” ಎಂದರು. ಈ ದಾಖಲೆಗಳನ್ನೆಲ್ಲ ಪರಿಶೀಲಿಸಿ ಒಂದು ವ್ಯಸನಮುಕ್ತಿ ಕೇಂದ್ರದ ವೈದ್ಯರೇ ಪ್ರಮಾಣಪತ್ರ ಕೊಡುತ್ತಾರೆ ಎಂದು ಹೇಳಿ, ಮೂಲ ಚೀಟಿಗಳನ್ನೂ ಹಣವನ್ನೂ ತೆಗೆದುಕೊಂಡರು. ರಸೀದಿ ಕೇಳಿದಾಗ, “ನಂಬಿಕೆ ಇಲ್ಲದ ಮೇಲೆ ಬೇಡ ಬಿಡಿ ಅಕ್ಕಾ” ಎಂದು ಅವರೇ ಮುನಿಸಿಕೊಂಡರು.

ಪತ್ರ ಬಂದದ್ದು ವಿಚಾರಣೆಯ ದಿನ ಬೆಳಿಗ್ಗೆ, ಅಂಟಿಸಿದ ಲಕೋಟೆಯಲ್ಲಿ, ನೇರವಾಗಿ ನಮ್ಮ ವಕೀಲರ ಕೈಗೆ. ಅವರು ಮೇಲೆ ಮೇಲೆ ಕಣ್ಣಾಡಿಸಿ ಹಾಜರುಪಡಿಸಿದರು. ಎದುರು ಪಕ್ಷದ ವಕೀಲರು ಅದನ್ನು ನಿಧಾನವಾಗಿ ಓದಿ, ಜೀವನಾಂಶದ ಅರ್ಜಿಯ ಜೊತೆಗೆ ತಾವು ಮೊದಲೇ ಸಲ್ಲಿಸಿದ್ದ ಅಡಿಕೆ ಮಂಡಿಯ ಪಟ್ಟಿಯೊಂದನ್ನು ತೆರೆದರು. ಪ್ರಮಾಣಪತ್ರದ ಪ್ರಕಾರ ತಮ್ಮ ಡಿಸೆಂಬರಿನಿಂದ ಜನವರಿಯವರೆಗೆ ಆ ಕೇಂದ್ರದಲ್ಲಿ ಒಳರೋಗಿಯಾಗಿದ್ದ. ಮಂಡಿಯ ಪಟ್ಟಿಯ ಪ್ರಕಾರ ಅದೇ ದಿನಗಳಲ್ಲಿ ಅವನು ಶಿವಮೊಗ್ಗದಲ್ಲಿ ರಾಶಿ ಅಡಿಕೆ ತೂಗಿಸಿ, ತನ್ನ ಕೈಯಾರೆ ಸಹಿ ಹಾಕಿ ಹಣ ಪಡೆದಿದ್ದ. “ಹಾಸಿಗೆಯಿಂದ ಎದ್ದು ಬಂದು ಅಡಿಕೆ ಮಾರಿದರೇ?” ಎಂದು ವಕೀಲರು ಕೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ಕೇಂದ್ರದ ಮೆಟ್ಟಿಲನ್ನೇ ತಮ್ಮ ಹತ್ತಿದವನಲ್ಲ! ಪತ್ರದ ಕೊನೆಯ ಸಾಲು ಇನ್ನೂ ಚೆಂದವಿತ್ತು: “ಇವರು ಇನ್ನು ಮುಂದೆ ಮದ್ಯ ಸೇವಿಸುವುದಿಲ್ಲವೆಂದು ಪ್ರಮಾಣೀಕರಿಸಲಾಗಿದೆ.” ಯಾವ ವೈದ್ಯರು ಹೀಗೆ ಬರೆದಾರು? ನಿಜವಾಗಿ ಕುಡಿತ ಬಿಟ್ಟವನು, ಬಿಟ್ಟದ್ದಕ್ಕೆ ನಿಜವಾದ ದಾಖಲೆ ಇದ್ದವನು, ಎಲ್ಲರೆದುರು ಸುಳ್ಳುಗಾರನಾಗಿ ನಿಂತ. ಹೆಂಡತಿ ಅವನ ಕಡೆ ನೋಡಲೂ ಇಲ್ಲ.

ಅಂದು ಸಂಜೆ ಮಧ್ಯವರ್ತಿಗೆ ಫೋನು ಮಾಡಿದರೆ ಬಂದ ಉತ್ತರ: “ದಿನಾಂಕ ಟೈಪು ಮಾಡುವಾಗ ತಪ್ಪಾಗಿರಬಹುದು, ತಿದ್ದಿಸಿಕೊಡೋಣ, ಸ್ವಲ್ಪ ಖರ್ಚಾಗುತ್ತದೆ.” ತಿದ್ದಿಸುವುದಕ್ಕೂ ಖರ್ಚು! ಮತ್ತೆ ಕೇಳಿದಾಗ, “ನಾನು ಪತ್ರ ಕೊಟ್ಟೆ, ಕೋರ್ಟಿಗೆ ಹಾಕಿ ಎಂದು ನಾನು ಹೇಳಿದೆನೇ?” ಎಂದರು. ಮೂಲ ಚೀಟಿಗಳನ್ನು ಕೇಳಿದರೆ, “ಅವು ಕೇಂದ್ರದಲ್ಲಿವೆ” ಎಂದರು. ಆ ಕೇಂದ್ರದವರು ಇವರ ಹೆಸರನ್ನೇ ಕೇಳಿಲ್ಲ ಎನ್ನುತ್ತಾರೆ. ನಾನು ಅವರ ಕೊಠಡಿಗೇ ಹೋದಾಗ ಸಾಗರದ ಕಡೆಯ ಒಬ್ಬ ಯುವಕ ಫೈಲು ಹಿಡಿದು ಕುಳಿತಿದ್ದ. ಅವನಿಗೆ ನಡೆದದ್ದನ್ನು ಹೇಳತೊಡಗಿದರೆ, ಈ ಮನುಷ್ಯ ನನ್ನ ಎದುರಿನಲ್ಲೇ, “ಇವರ ಕೇಸು ಬೇರೆ, ನಿಮ್ಮದು ಬೇರೆ” ಎಂದು ಅವನನ್ನು ಒಳಗೆ ಕರೆದುಕೊಂಡರು.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಾಗಲಿ, 1890ರ ಪಾಲಕರ ಕಾಯ್ದೆಯಾಗಲಿ ನೋಡುವುದು ಮಗುವಿನ ಹಿತವನ್ನು. ಹಿಂದೆ ಕುಡಿದಿದ್ದ ಎಂಬ ಒಂದೇ ಕಾರಣಕ್ಕೆ ತಂದೆಯ ಭೇಟಿಯನ್ನು ಶಾಶ್ವತವಾಗಿ ಮುಚ್ಚುವ ನಿಯಮ ಯಾವುದೂ ಇಲ್ಲ. ಮೊದಮೊದಲು ಬೇರೆಯವರ ಸಮ್ಮುಖದಲ್ಲಿ ಸ್ವಲ್ಪ ಹೊತ್ತು ಭೇಟಿ ಕೊಟ್ಟು, ನಡತೆ ನೋಡಿ ಹೆಚ್ಚಿಸುವ ದಾರಿ ನ್ಯಾಯಾಲಯಕ್ಕೆ ಇದ್ದೇ ಇದೆ. ಅದಕ್ಕೆ ಬೇಕಾದದ್ದು ನಾವು ಕೈಯಾರೆ ಕೊಟ್ಟುಬಿಟ್ಟ ಆ ಮಾಸಲು ಚೀಟಿಗಳೇ. ಅವುಗಳ ಮೂಲಪ್ರತಿಯನ್ನು ಯಾರಿಗೂ ಕೊಡಬೇಡಿ. ಕಳೆದಿದ್ದರೆ ಆಸ್ಪತ್ರೆಯಲ್ಲಿಯೇ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ಚಿಕಿತ್ಸೆಯ ಪ್ರಾಥಮಿಕ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಸಲಹೆ ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, 15100ಕ್ಕೆ ಕರೆ ಮಾಡಬಹುದು. ಫಲಕ ಹಾಕಿಕೊಂಡ ಮಧ್ಯವರ್ತಿಗಳು ಬೇಡವೇ ಬೇಡ.

ನಾವು ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಹಣ ಬಂದರೆ ಬರಲಿ, ಹೋದರೆ ಹೋಗಲಿ, ಚೀಟಿಗಳನ್ನು ಮಾತ್ರ ವಾಪಸು ಕೊಡಿಸಿ ಎಂದು ಅದರಲ್ಲಿ ಬರೆದಿದ್ದೇವೆ.